ಹತ್ತು ಗಂಟೆಯ ಇಪ್ಪುಕು

ಕುಮೆಜಿ ಸತ್ತ ಮೇಲೆ ನಮ್ಮ ಓಣಿಯವರೆಲ್ಲ ಅವನನ್ನು ದೊಡ್ಡ ಬಡಗಿ ಎಂದು ಕರೆಯಲು ಶುರು ಮಾಡಿದ್ದಾರೆ. ಸತ್ತವರಿಗೆ ಈ ಲಾಭ ಒಂದಿದೆ. ಬದುಕಿದ್ದಾಗ ನೆಟ್ಟಗೆ ಒಂದು ಗೂಟ ಕೆತ್ತಲಾರದವನೂ ಹೆಣವಾದ ಕೂಡಲೇ ಕುಶಲಕರ್ಮಿಯಾಗುತ್ತಾನೆ. ನಾನು ಅವನ ಜೊತೆ ನಲವತ್ತೈದು ವರ್ಷ ಕೆಲಸ ಮಾಡಿದವನು, ಆದ್ದರಿಂದ ನನ್ನ ಮಾತನ್ನೂ ಸ್ವಲ್ಪ ಕೇಳಿ. ಆ ನಲವತ್ತೈದರಲ್ಲಿ ಇಪ್ಪತ್ತು ವರ್ಷವನ್ನಾದರೂ ಅವನು ಕೂತೇ ಕಳೆದಿದ್ದಾನೆ. ಕೂರುವುದರಲ್ಲಿ ಮಾತ್ರ ಅವನನ್ನು ಮೀರಿಸುವವರು ತೆನ್ರ್ಯೂ ಹೊಳೆಯ ಎರಡು ದಡದಲ್ಲೂ ಇರಲಿಲ್ಲ.

ನಮ್ಮ ಕಸುಬಿನಲ್ಲಿ ಕೂರುವುದಕ್ಕೆ ಒಂದು ಹೆಸರಿದೆ, ಇಪ್ಪುಕು. ಒಮ್ಮೆ ಮನೆ ಕಟ್ಟಿಸುತ್ತಿದ್ದ ಶಾಲಾ ಮೇಷ್ಟರೊಬ್ಬರು ನಿಘಂಟು ತಂದು, ಅದಕ್ಕೆ ‘ಅಲ್ಪ ವಿಶ್ರಾಂತಿ’ ಎಂಬ ಅರ್ಥ ಇದೆ ಎಂದು ನಮಗೇ ಓದಿ ಹೇಳಿದರು. ನಿಘಂಟು ಬರೆದವನು ಎಂದೂ ಉಳಿ ಹಿಡಿದವನಲ್ಲ ಎಂಬುದು ಅಲ್ಲಿಗೇ ಗೊತ್ತಾಯಿತು. ಒಂದು ಸಲಕ್ಕೆ ಕುಡಿಯುವಷ್ಟು ಚಹಾ ಒಂದು ಇಪ್ಪುಕು. ಕೊಳವೆಗೆ ತುಂಬುವ ಒಂದು ಚಿಟಿಕೆ ಹೊಗೆಸೊಪ್ಪು ಒಂದು ಇಪ್ಪುಕು. ವೈದ್ಯ ಕಾಗದದಲ್ಲಿ ಮಡಿಸಿ ಕೊಡುವ ಪುಡಿಯೂ ಒಂದು ಇಪ್ಪುಕು. ವಿಷ ಹಾಕಿ ಕೊಂದರೂ, ಪಾಪ, ಯಾರೋ ಒಂದು ಇಪ್ಪುಕು ಇಟ್ಟರಂತೆ ಎನ್ನುತ್ತಾರೆ. ಬಿಡದೆ ಸುರಿಯುವ ಮಳೆ ಸ್ವಲ್ಪ ನಿಂತರೆ ಮಳೆಗೆ ಇಪ್ಪುಕು, ಏರುತ್ತಿದ್ದ ಚಹಾ ಎಲೆಯ ಧಾರಣೆ ಒಂದು ವಾರ ನಿಂತರೆ ಅದಕ್ಕೂ ಇಪ್ಪುಕು. ಆದರೆ ಬಡಗಿಗೆ ಅದು ಬೆಳಗಿನ ಹತ್ತು ಗಂಟೆ, ಮಧ್ಯಾಹ್ನದ ಮೂರು ಗಂಟೆ. ಮನೆ ಕಟ್ಟಿಸುವವಳು ತಟ್ಟೆಯಲ್ಲಿ ಚಹಾ, ಉಪ್ಪಿನಲ್ಲಿ ಹಾಕಿದ ಮೂಲಂಗಿ, ಬೇಯಿಸಿದ ಗೆಣಸು ತರುತ್ತಾಳೆ. ಮೇಸ್ತ್ರಿ ಆ ಮಾತು ಆಡುವ ತನಕ ಯಾರೂ ಕೂರುವ ಹಾಗಿಲ್ಲ, ಆಡಿದ ಮೇಲೆ ಯಾರೂ ನಿಂತಿರುವ ಹಾಗಿಲ್ಲ.

ನಮ್ಮ ಮೇಸ್ತ್ರಿ ಸದಗೊರೊ ಆ ಮಾತನ್ನು ದಿನಕ್ಕೆ ಎರಡೇ ಸಲ ಆಡುತ್ತಿದ್ದರು. ಆಡಿ, ಮನೆಯಿಂದ ಹತ್ತು ಹೆಜ್ಜೆ ಹಿಂದಕ್ಕೆ ಹೋಗಿ, ಮನೆಯ ಕಡೆಗೆ ಮುಖ ಮಾಡಿ ಕೂರುತ್ತಿದ್ದರು. ಕೊಳವೆ ಹೊತ್ತಿಸಿದರೆ ಮೂರೇ ದಮ್ಮು, ಒಂದು ಮಾತಿಲ್ಲ. ಕೊನೆಗೆ ಬೂದಿ ಕೊಡವುತ್ತಾ, ಎಡಗಡೆ ತೊಲೆ ಒಂದು ಕೂದಲೆಳೆ ಉದ್ದ ಇದೆ ಎನ್ನುತ್ತಿದ್ದರು. ಅಳೆದು ನೋಡಿದರೆ ಇರುತ್ತಿತ್ತು. ಕೈ ಆಡುವಾಗ ಕಣ್ಣು ಕುರುಡು, ಕೈ ನಿಂತ ಮೇಲೇ ಕಣ್ಣು ಕೆಲಸ ಶುರು ಮಾಡುವುದು ಎಂಬುದು ಅವರು ನಮಗೆ ಕಲಿಸಿದ ಮೊದಲ ಪಾಠ. ನಾನು ಯಸೊಕಿಚಿ, ಆ ಪಾಠವನ್ನು ಒಂದೇ ದಿನದಲ್ಲಿ ಕಲಿತೆ. ಕುಮೆಜಿ ಸಾಯುವ ತನಕ ಕಲಿಯಲಿಲ್ಲ.

ಯುದ್ಧ ಮುಗಿದ ಮರುವರ್ಷದ ವಸಂತದಲ್ಲಿ ನಾವಿಬ್ಬರೂ ಒಂದೇ ವಾರ ಸದಗೊರೊ ಮೇಸ್ತ್ರಿಯ ಬಳಿ ಸೇರಿದೆವು, ಇಬ್ಬರಿಗೂ ಹದಿನೈದು. ಕುಮೆಜಿ ಕಡವು ದೋಣಿ ನಡೆಸುವವನ ಮೂರನೆಯ ಮಗ. ಗಿರಾಕಿ ಬರುವ ತನಕ ದಡದಲ್ಲಿ ಕೂತಿರುವುದು ಅವನ ಮನೆತನದ ಕಸುಬು. ಅದನ್ನೇ ಅವನು ನಮ್ಮ ಕಸುಬಿಗೂ ತಂದ. ಏಣಿ ಹತ್ತುವ ಮೊದಲು ಒಂದು ಇಪ್ಪುಕು ಬೇಕು ಅವನಿಗೆ, ಹತ್ತಿದ ಮೇಲೆ ದಣಿವಿಗೆ ಇನ್ನೊಂದು. ಮೇಸ್ತ್ರಿ ಕಣ್ಣು ಕೆಂಪಗೆ ಮಾಡಿದರೆ, ಗರಗಸದ ಹಲ್ಲು ಬಿಸಿಯಾಗಿದೆ, ಅದಕ್ಕೆ ಸ್ವಲ್ಪ ಇಪ್ಪುಕು ಕೊಡುತ್ತಿದ್ದೇನೆ ಎಂದು ಹಲ್ಲು ಕಿರಿಯುತ್ತಿದ್ದ.

ಅವನು ಕೂರುವ ಚೆಂದವನ್ನು ನೋಡಬೇಕಿತ್ತು. ಮೊದಲು ತಲೆಗೆ ಸುತ್ತಿದ ವಸ್ತ್ರ ಬಿಚ್ಚಿ ಮರದ ರಾಶಿಯ ಬುಡದಲ್ಲಿ ಹಾಸುತ್ತಿದ್ದ. ಅದರ ಮೇಲೆ ಕೂತು, ರಾಶಿಗೆ ಬೆನ್ನು ಕೊಟ್ಟು, ಕಾಲು ಚಾಚಿ, ಮುಖವನ್ನು ರಸ್ತೆಗೆ ಮಾಡುತ್ತಿದ್ದ. ಮನೆಗೆ ಬೆನ್ನು. ಅಂದರೆ ನಾವು ಯಾವುದಕ್ಕಾಗಿ ಕೈ ನಿಲ್ಲಿಸಿದ್ದೇವೋ ಅದೇ ಅವನಿಗೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಚಹಾದ ತಟ್ಟೆ, ತಟ್ಟೆ ಹಿಡಿದ ಹೆಂಗಸು, ರಸ್ತೆಯಲ್ಲಿ ಹೋಗುವ ನಾಯಿ. ಮೂಲಂಗಿ ಬಾಯಿಗಿಟ್ಟ ಕೂಡಲೇ ಅದಕ್ಕೆ ಎಷ್ಟು ದಿನ ಕಲ್ಲು ಹೇರಿದ್ದಿರಿ ಎಂದು ವಿಚಾರಿಸುತ್ತಿದ್ದ. ಗೆಣಸು ಯಾರ ಹೊಲದ್ದು, ಅತ್ತೆಯ ಮಂಡಿನೋವು ಹೇಗಿದೆ, ಎಲ್ಲ ಬೇಕು ಅವನಿಗೆ. ಮನೆ ಕಟ್ಟಿಸುವ ಹೆಂಗಸರೆಲ್ಲ ಕರಗಿಹೋಗುತ್ತಿದ್ದರು. ಬಾಯಿದ್ದವರು ಬರಗಾಲದಲ್ಲೂ ಬದುಕಿದರು ಎಂಬ ಗಾದೆ ಇವನನ್ನು ನೋಡಿಯೇ ಹುಟ್ಟಿರಬೇಕು. ಹೆಂಡತಿಯೂ ಅವನಿಗೆ ಇಪ್ಪುಕುವಿನಲ್ಲೇ ಸಿಕ್ಕಳು. ಒಂದು ಮನೆಯಲ್ಲಿ ಚಹಾ ತರುತ್ತಿದ್ದ ಕಿನುಯೊ ಎಂಬ ಹುಡುಗಿ ಮನೆ ಮುಗಿಯುವಷ್ಟರಲ್ಲಿ ಅವನವಳಾದಳು. ಅವಳು ನನಗೂ ಅದೇ ತಟ್ಟೆಯಿಂದ ಚಹಾ ಕೊಡುತ್ತಿದ್ದಳು. ನಾನು ಕಂಬ ನೋಡುತ್ತಿದ್ದೆ.

ಹೀಗೆ ಇಪ್ಪತ್ತೆರಡು ವರ್ಷ ಕಳೆಯಿತು. ಮೇಸ್ತ್ರಿಗೆ ಎಪ್ಪತ್ತೆರಡಾಯಿತು, ಸೊಂಟ ಸೋತಿತು, ಮಕ್ಕಳಿರಲಿಲ್ಲ. ಎದೆಯ ಮೇಲೆ ಅಂಗಡಿಯ ಗುರುತಿದ್ದ ಅವರ ನೀಲಿ ಅಂಗಿಯನ್ನು ಯಾರಿಗೆ ಹಾಕುತ್ತಾರೆ ಎಂಬುದೊಂದೇ ಉಳಿದಿದ್ದ ಪ್ರಶ್ನೆ. ಅಂಗಿ ಹಾಕಿಕೊಂಡವನು ಮೇಸ್ತ್ರಿ, ಉಳಿದ ಒಂಬತ್ತು ಜನ ಅವನ ಮಾತಿಗೆ ಕೂತು ಅವನ ಮಾತಿಗೆ ಏಳಬೇಕು. ಕೈಯಲ್ಲಿ ನನ್ನ ಸಮ ಯಾರೂ ಇರಲಿಲ್ಲ. ಇದು ನಾನು ಹೇಳಿಕೊಳ್ಳುತ್ತಿರುವುದಲ್ಲ, ಬೇರೆ ಅಂಗಡಿಯ ಬಡಗಿಗಳು ನಾನು ಮರಕ್ಕೆ ಮರ ಕಚ್ಚಿಸಿ ಮಾಡಿದ ಕೂಡುಗಳನ್ನು ನೋಡಲು ಸೈಕಲ್ ತುಳಿದುಕೊಂಡು ಬರುತ್ತಿದ್ದರು. ಆ ಅಂಗಿ ನನ್ನದೇ ಎಂದು ನಾನು ನಂಬಿದ್ದೆ. ಬದುಕಿನಲ್ಲಿ ನಾನು ಬಯಸಿದ್ದು ಅದೊಂದನ್ನೇ.

ಮೇಸ್ತ್ರಿ ಏನು ಮಾಡಿದರು? ಶಿಗೆನೊ ಎಂಬಾಕೆಯ ಮನೆಯನ್ನು ಪೂರ್ತಿಯಾಗಿ ಕುಮೆಜಿಯ ಕೈಗೆ ಕೊಟ್ಟರು. ಸೂರಿನ ತೊಲೆ ಏರುವ ತನಕ ಅವನೇ ನಡೆಸಲಿ, ಸರಿಯಾಗಿ ನಿಂತರೆ ಆಮೇಲೆ ಮಾತಾಡೋಣ ಎಂದರು. ನನಗೆ ಹೇಳಿದ್ದು, ಅವನ ಜೊತೆಗಿರು ಎಂದಷ್ಟೇ. ನಾನು ತಲೆಬಾಗಿಸಿದೆ. 

ಶಿಗೆನೊ ಸೋಯಾ ಹಾಲು ಒಡೆದು ತೋಫು ಮಾಡಿ ಮಾರುವ ವಿಧವೆ. ಎರಡು ವರ್ಷದ ಹಿಂದಿನ ನೆರೆಯಲ್ಲಿ ಅವಳ ಮನೆಯೂ ಗಂಡನೂ ಒಟ್ಟಿಗೆ ಹೋಗಿದ್ದರು. ಎತ್ತರದ ಜಾಗದಲ್ಲಿ ನಾಲ್ಕು ಕೋಣೆಯ ಸಣ್ಣ ಮನೆ ಕಟ್ಟಿಸುತ್ತಿದ್ದಳು. ಕುಮೆಜಿ ಮೊದಲ ದಿನವೇ ಒಂಬತ್ತೂವರೆಗೆ ಇಪ್ಪುಕು ಎಂದು ಕೂಗಿದ. ಇಪ್ಪತ್ತೆರಡು ವರ್ಷದ ಆಸೆ, ಅರ್ಧ ಗಂಟೆ ತಡೆಯಲಾಗಲಿಲ್ಲ ಅವನಿಗೆ. ಎಂಟು ಜನ ಸುತ್ತಿಗೆ ಕೆಳಗಿಟ್ಟರು. ನಾನೂ ಇಟ್ಟೆ, ಎಲ್ಲರಿಗಿಂತ ನಿಧಾನಕ್ಕೆ.

ಕಂಬಗಳನ್ನು ನಾವು ನಮ್ಮ ಅಂಗಳದಲ್ಲೇ ಕೆತ್ತಿ, ತೋಡಿ, ನಂಬರ್ ಬರೆದು ತಯಾರು ಮಾಡಿಕೊಂಡು, ಆಮೇಲೆ ಒಂದೇ ದಿನದಲ್ಲಿ ನಿಲ್ಲಿಸುತ್ತೇವೆ. ಇದರಲ್ಲಿ ಒಂದು ಕಟ್ಟುನಿಟ್ಟು ಇದೆ. ಮರ ಕಾಡಿನಲ್ಲಿ ಹೇಗೆ ನಿಂತಿತ್ತೋ ಮನೆಯಲ್ಲೂ ಹಾಗೇ ನಿಲ್ಲಬೇಕು, ಬುಡ ಕೆಳಗೆ, ತುದಿ ಮೇಲೆ. ತಲೆಕೆಳಗಾಗಿ ನಿಂತ ಕಂಬ ಮನೆಯವರನ್ನೂ ತಲೆಕೆಳಗು ಮಾಡುತ್ತದೆ, ಆ ಮನೆಯ ಗೋಡೆ ನರಳುತ್ತದೆ ಎಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅದಕ್ಕೇ ಕಂಬದ ಮೈ ನುಣುಪು ಮಾಡಲು ಕೊನೆಯ ಸಲ ತೋಪಡ ಹೊಡೆದಾಗ ಬುಡದ ಮಸಿ ಗುರುತು ಅಳಿಸಿಹೋದರೆ, ತೋಪಡ ಕೆಳಗಿಡುವ ಮೊದಲೇ ಬುಡದಲ್ಲಿ ಮತ್ತೆ ಬರೆಯಬೇಕು. ಕುಮೆಜಿ ಒಂದು ಕಂಬಕ್ಕೆ ತೋಪಡ ಹೊಡೆದು ಮುಗಿಸುವಾಗ ಶಿಗೆನೊ ಅಂಗಳಕ್ಕೆ ಹೊಸ ತೋಫು ತಂದಿದ್ದಳಂತೆ. ಇಪ್ಪುಕು ಎಂದ, ಎದ್ದ, ತಿಂದ, ಹತ್ತಿ ಬೆಲೆಯಿಂದ ಹಿಡಿದು ಹವೆಯ ತನಕ ಮಾತಾಡಿದ, ಹಿಂದಿರುಗಿ ಬಂದು ಕೈಗೆ ಹತ್ತಿರವಿದ್ದ ತುದಿಯಲ್ಲಿ ಬುಡದ ಗುರುತು ಬರೆದ. ತೋಫು ತಿಂದು ಬುಡ ಯಾವುದು ತುದಿ ಯಾವುದು ಮರೆತ ಬಡಗಿ ನಮ್ಮ ಹೊಳೆಯ ದಡದಲ್ಲಿ ಇವನೊಬ್ಬನೇ.

ಕಂಬ ನಿಲ್ಲಿಸುವ ದಿನ ಬಂತು. ಚಳಿಗಾಲದ ಒಣ ಬಿಸಿಲು. ಬೆಳಗಿನ ಹತ್ತರೊಳಗೆ ಕಂಬಗಳೆಲ್ಲ ನಿಂತವು. ಸಂಜೆಗೆ ಸೂರಿನ ತೊಲೆ ಏರಿಸಿ, ಮೇಲಿನಿಂದ ಊರವರಿಗೆ ಅಕ್ಕಿ ಉಂಡೆ ಎಸೆಯುವುದು ಪದ್ಧತಿ. ಶಿಗೆನೊ ಎರಡು ದಿನದಿಂದ ಅಂಟಕ್ಕಿ ಕುಟ್ಟಿ ಕೆಂಪು ಬಿಳಿ ಉಂಡೆ ಕಟ್ಟಿದ್ದಳು. ಕುಮೆಜಿ ಇಪ್ಪುಕು ಕೂಗಿದ, ಮರದ ರಾಶಿಯ ಆಚೆ ಬದಿಗೆ ಹೋಗಿ ವಸ್ತ್ರ ಹಾಸಿ ರಸ್ತೆಗೆ ಮುಖ ಮಾಡಿ ಕೂತ. ನಾನು ಈಚೆ ಬದಿಯಲ್ಲಿ, ಮೇಸ್ತ್ರಿ ಕಲಿಸಿದಂತೆ, ಮನೆಗೆ ಮುಖ ಮಾಡಿ ಕೂತೆ.

ಎರಡನೆಯ ಗುಟುಕಿಗೆ ಕಂಡಿತು. ವಾಯವ್ಯದ ಮೂಲೆಯ ದೇವದಾರು ಕಂಬ. ನಮ್ಮ ದೇವದಾರಿನ ಮೈಮೇಲೆ ಬಿದಿರು ಕಳಲೆಯಂತೆ ಒಂದರೊಳಗೊಂದು ಮೊನೆ ಮೊನೆಯಾಗಿ ಗೆರೆ ಇರುತ್ತದೆ, ಮೊನೆಗಳೆಲ್ಲ ಆಕಾಶ ನೋಡಬೇಕು. ಆ ಕಂಬದಲ್ಲಿ ಅವು ನೆಲ ನೋಡುತ್ತಿದ್ದವು.

ಆಗ ತೆಗೆಯುವುದಕ್ಕೆ ಅರ್ಧ ಗಂಟೆ ಸಾಕಿತ್ತು. ಮೇಲಿನ ತೊಲೆಗಳು ಇನ್ನೂ ಕೂತಿರಲಿಲ್ಲ. ಬಾಯಿ ತೆರೆದರೆ ಮುಗಿಯುತ್ತಿತ್ತು. ನಾನು ಗೆಣಸಿನ ಸಿಪ್ಪೆ ಸುಲಿದೆ. ಮೇಸ್ತ್ರಿ ಆಗುವವನಿಗೆ ಕಣ್ಣಿರಬೇಕು, ಅವನೇ ನೋಡಲಿ ಎಂದುಕೊಂಡೆ. ರಾಶಿಯ ಆಚೆಯಿಂದ ಕುಮೆಜಿಯ ನಗು ಕೇಳುತ್ತಿತ್ತು. ಶಿಗೆನೊ ಚಹಾ ಪಾತ್ರೆ ಹಿಡಿದು ನನ್ನ ಬಳಿಗೂ ಬಂದಳು, ನಾನು ನೋಡುತ್ತಿದ್ದ ಕಡೆಗೇ ನೋಡಿದಳು. ಅವಳಿಗೆ ಏನು ಕಾಣಬೇಕು, ಕಂಬಗಳು ಕಂಡವು.

“ನೀವೊಬ್ರೇ ಮನೆ ಕಡೆ ನೋಡ್ತಾ ಕೂತಿರೋದು ಯಸೊಣ್ಣ,” ಎಂದಳು. “ಹೆಂಗಿದೆ? ಎಲ್ಲಾ ಸರಿಯಾಗಿ ನಿಂತಿದ್ಯಾ?”

“ಚೆನ್ನಾಗಿದೆ ಕಣಮ್ಮಾ,” ಎಂದೆ.

ಅವಳ ಮುಖ ಅರಳಿತು. ನೀವು ಹೇಳಿದರೆ ಸರಿ ಎಂದು ಇನ್ನೊಂದು ಗೆಣಸು ಹಾಕಿದಳು. ನಾನು ಅದನ್ನೂ ತಿಂದೆ.

ಮಧ್ಯಾಹ್ನ ಮೂರರ ಹೊತ್ತಿಗೆ ಅಡ್ಡ ತೊಲೆಗಳೆಲ್ಲ ಒಂದಕ್ಕೊಂದು ಕಚ್ಚಿಕೊಂಡು ಕೂತಿದ್ದವು. ಓಣಿಯ ಹೆಂಗಸರು ಮಕ್ಕಳು ಉಂಡೆ ಹಿಡಿಯಲು ಬುಟ್ಟಿ ತಂದು ರಸ್ತೆಯಲ್ಲಿ ಸೇರುತ್ತಿದ್ದರು. ಸದಗೊರೊ ಮೇಸ್ತ್ರಿ ಊರುಗೋಲು ಹಿಡಿದು ಬಂದರು. ಕುಮೆಜಿ ಇಪ್ಪುಕು ಕೂಗಿ ತನ್ನ ಜಾಗಕ್ಕೆ ಹೋದ. ಅವನು ಬುಟ್ಟಿಯವರ ಜೊತೆ ಹರಟಲು ರಸ್ತೆಗೆ ಇಳಿದಿದ್ದಾನೆ ಎಂದೇ ನಾನು ತಿಳಿದೆ. ಮೇಸ್ತ್ರಿ ರಾಶಿಯ ಈಚೆ, ನನ್ನ ಪಕ್ಕ ಕೂತು ಕೊಳವೆ ತುಂಬಿದರು. ಒಂದು ದಮ್ಮು. ಎರಡನೆಯದರಲ್ಲಿ ಅವರ ಕೈ ನಿಂತಿತು. ಮೂರನೆಯದನ್ನು ಎಳೆಯಲೇ ಇಲ್ಲ.

ನನಗೆ ಎದೆ ಹೊಡೆದುಕೊಳ್ಳುತ್ತಿತ್ತು, ಸಂತೋಷಕ್ಕೆ. ನಾನು ಹೇಳಿಕೊಳ್ಳುವುದಿಷ್ಟೇ, ಅದು ಸಂತೋಷವೇ.

“ನೀನು ಯಾವಾಗ್ ನೋಡ್ದೆ?” ಎಂದರು ಮೇಸ್ತ್ರಿ. ನೋಡಿದೆಯಾ ಎಂದು ಕೇಳಲಿಲ್ಲ.

“ಹತ್ತು ಗಂಟೆ ಇಪ್ಪುಕುನಲ್ಲೇ ನೋಡ್ಬಿಟ್ಟೆ ಮೇಸ್ತ್ರೀ.” ಬೇಗ ಕಂಡದ್ದಕ್ಕೆ ಶಭಾಷ್ ಎನ್ನುತ್ತಾರೆ ಎಂದು ಕಾಯುತ್ತಿದ್ದೆ. ಅಷ್ಟು ಮೂರ್ಖ ನಾನು. ಮೂವತ್ತೇಳು ವಯಸ್ಸಾಗಿತ್ತು.

ಮೇಸ್ತ್ರಿ ನನ್ನ ಕಡೆ ನೋಡಲೂ ಇಲ್ಲ. ಕೊಳವೆಯಲ್ಲಿ ಉಳಿದದ್ದನ್ನು ಸೇದದೆ ಕಲ್ಲಿಗೆ ಕುಟ್ಟಿ ಖಾಲಿ ಮಾಡಿ, ಕುಮೆಜಿಯನ್ನು ಕೂಗಿದರು. ಅವನು ಬಂದ. ಮೇಸ್ತ್ರಿ ಕೊಳವೆಯ ತುದಿಯಿಂದ ವಾಯವ್ಯ ಮೂಲೆ ತೋರಿಸಿದರು. ಕುಮೆಜಿ ನೋಡಿದ, ಕಣ್ಣು ಕಿರಿದು ಮಾಡಿ ಮತ್ತೆ ನೋಡಿದ, ಏನು ಎಂದು ಕೇಳಿದ. ಅಲ್ಲಿ ನೋಡು, ಕಳಲೆ ಮೊನೆ ಎತ್ತ ಕಡೆ ಇದೆ ಎಂದು ಹೇಳಿಕೊಡಬೇಕಾಯಿತು. ಮೇಸ್ತ್ರಿ ಪದವಿಗೆ ನಿಂತವನು! ಆಮೇಲೆ ಅವನ ಮುಖ ಅವನು ತಿಂದ ತೋಫುವಿಗಿಂತ ಬಿಳಿಯಾಯಿತು.

ಅವನು ನೆಟ್ಟಗೆ ಶಿಗೆನೊ ಹತ್ತಿರ ಹೋದ. ಬುಟ್ಟಿ ಹಿಡಿದ ಅಷ್ಟೂ ಜನರ ಮುಂದೆ ನೆಲಕ್ಕೆ ಹಣೆ ಹಚ್ಚಿದ. ಕಂಬ ಒಂದು ತಲೆಕೆಳಗಾಗಿದೆ, ಇವತ್ತು ಸೂರು ಏರುವುದಿಲ್ಲ, ಯಾರ ಕಣ್ಣಿಗೂ ಬೀಳಲಿಲ್ಲ, ತಪ್ಪು ನನ್ನದು ಎಂದ. ಶಿಗೆನೊ ಒಂದು ಸಲ ನನ್ನ ಕಡೆ ನೋಡಿದಳು. ಆಮೇಲೆ ಅಕ್ಕಿ ಉಂಡೆಯ ಹಲಗೆಗಳನ್ನು ಒಬ್ಬಳೇ ಹೊತ್ತು ತಂದು, ಮೇಲಿಂದ ಎಸೆಯಬೇಕಾದ್ದನ್ನು ರಸ್ತೆಯಲ್ಲಿ ನಿಂತು ಒಬ್ಬೊಬ್ಬರ ಬುಟ್ಟಿಗೂ ಕೈಯಿಂದ ಹಾಕಿದಳು. ಮಕ್ಕಳು ಇದ್ಯಾವ ಸೀಮೆ ಹಬ್ಬ ಎಂದು ಮುಖ ಮುಖ ನೋಡಿಕೊಂಡವು.

ಕಟ್ಟಿದ್ದನ್ನು ಬಿಚ್ಚಲು ಎರಡು ದಿನ ಹಿಡಿಯಿತು. ಕಚ್ಚಿಕೊಂಡ ಕೂಡುಗಳನ್ನು ಒಡೆಯದೆ ಬಿಡಿಸುವುದು ಕಟ್ಟುವುದಕ್ಕಿಂತ ಕಷ್ಟ. ಕುಮೆಜಿ ಎಲ್ಲರಿಗಿಂತ ಮೊದಲು ಮೇಲೆ ಹತ್ತುತ್ತಿದ್ದ, ಎಲ್ಲರಿಗಿಂತ ಕೊನೆಗೆ ಇಳಿಯುತ್ತಿದ್ದ. ಎರಡು ದಿನ ಇಪ್ಪುಕು ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ಹತ್ತು ಗಂಟೆಗೆ ಶಿಗೆನೊ ತಟ್ಟೆ ತಂದರೆ, ಕೆಲಸ ನಡೆಸುವವನ ಮಾತಿಲ್ಲದೆ ಕೂರುವಂತಿಲ್ಲವಲ್ಲ, ಒಂಬತ್ತು ಜನ ಬಟ್ಟಲು ಹಿಡಿದು ಕೊಕ್ಕರೆಗಳಂತೆ ನಿಂತುಕೊಂಡೇ ಕುಡಿದೆವು. ಆ ಎರಡು ದಿನದ ಮಟ್ಟಿಗೆ ಅವನನ್ನು ಬಡಗಿ ಎಂದು ಒಪ್ಪುತ್ತೇನೆ. ನಲವತ್ತೈದು ವರ್ಷದಲ್ಲಿ ಎರಡು ದಿನ.

ತಿಂಗಳು ಕಳೆದು ಮನೆ ನಿಂತ ಮೇಲೆ ಮೇಸ್ತ್ರಿ ನೀಲಿ ಅಂಗಿಯನ್ನು ಮಡಿಸಿ ತಂದು, ಎಲ್ಲರ ಮುಂದೆ ಕುಮೆಜಿಯ ಹೆಗಲಿಗೆ ಹಾಕಿದರು.

ಆ ಸಂಜೆ ನಾನು ನನ್ನ ಉಳಿ ಗರಗಸ ಗಂಟು ಕಟ್ಟಿಕೊಂಡು ಅವರ ಮನೆಗೆ ಹೋದೆ. ಬುಡ ತುದಿ ತಿಳಿಯದವನ ಕೈಕೆಳಗೆ ನಾನು ಕೆಲಸ ಮಾಡುವುದಿಲ್ಲ ಎಂದೆ. ಅವನಿಗೆ ಕಣ್ಣಿಲ್ಲ ಎಂಬುದು ನಿಮಗೆ ಗೊತ್ತಿಲ್ಲವೇ ಎಂದು ಕೇಳಿದೆ.

“ಗೊತ್ತು,” ಎಂದರು ಮೇಸ್ತ್ರಿ. “ಅವನ್ಗೆ ಕಾಣಲ್ಲ. ಆದ್ರೆ ಕಾಣ್ದೇ ಇದ್ದೋನು ಇನ್ನೊಬ್ರನ್ನ ಕೇಳಿದ್ರೆ ಮನೆ ನಿಲ್ತದೆ. ಕಂಡೋನು ಬಾಯ್ ಮುಚ್ಕೊಂಡು ಗೆಣಸು ತಿಂತಾ ಕೂತ್ರೆ ನಿಲ್ಲಲ್ಲ ಕಣೋ. ನಿನ್ ಕಣ್ಣನ್ನ ನಾನೇ ತಿದ್ದಿದ್ದು. ಯಾಕಾದ್ರೂ ತಿದ್ದಿದ್ನೋ ಅನ್ನಿಸ್ಬಿಟ್ಟಿದೆ.”

ಕಾಗದದ ಬಾಗಿಲು ಎಳೆದುಕೊಂಡರು. ನಾನು ಗಂಟು ಹೊತ್ತು ಹೊರಗೆ ಬಂದೆ. ಬೇರೆ ಅಂಗಡಿಗೆ ಹೋಗಬಹುದಿತ್ತು, ಕರೆಯುವವರು ಇದ್ದರು. ಹೋದರೆ ಯಾಕೆ ಬಿಟ್ಟೆ ಎಂದು ಕೇಳುತ್ತಾರೆ, ಮೇಸ್ತ್ರಿ ಹೇಳಿಯೂ ಬಿಡಬಹುದು. ಮಾರನೆಯ ದಿನ ಎಂದಿನಂತೆ ಕೆಲಸಕ್ಕೆ ಹೋದೆ.

ಹತ್ತು ಗಂಟೆಗೆ ಕುಮೆಜಿ ಇಪ್ಪುಕು ಎಂದ. ಒಂಬತ್ತು ಜನ ಕೂತೆವು. ಅವನು ವಸ್ತ್ರ ಎತ್ತಿಕೊಂಡು ರಾಶಿಯ ಆಚೆಗೆ ಹೋಗಲಿಲ್ಲ. ನನ್ನ ಪಕ್ಕ ಬಂದು, ವಸ್ತ್ರ ಹಾಸಿ, ಮೊದಲ ಸಲ ಮನೆಗೆ ಮುಖ ಮಾಡಿ ಕೂತ. ಕೋಣ ಕನ್ನಡಿ ನೋಡಿದ ಹಾಗೆ ಸ್ವಲ್ಪ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ತಿರುಗಿ, “ಯಸೊ, ಏನಾದ್ರೂ ಕಾಣ್ತದಾ?” ಎಂದ.

ಕಂಡಿತ್ತು. ಒಂದು ಬೆಣೆ ಓರೆಯಾಗಿತ್ತು. ಹೇಳಿದೆ. ಎದ್ದು ಹೋಗಿ ಸರಿ ಮಾಡಿ ಬಂದ.

ಮೂರು ಗಂಟೆಗೆ ಮತ್ತೆ ಕೇಳಿದ. ಮರುದಿನವೂ ಕೇಳಿದ. ಹೀಗೆ ಇಪ್ಪತ್ತಮೂರು ವರ್ಷ, ದಿನಕ್ಕೆ ಎರಡು ಸಲ, ಅದೇ ಮಾತು. ನಾನು ಕಂಡದ್ದನ್ನು ಹೇಳುತ್ತಿದ್ದೆ, ಅವನು ಸರಿ ಮಾಡಿಸುತ್ತಿದ್ದ, ಊರು ಅವನನ್ನು ಹೊಗಳುತ್ತಿತ್ತು. ಎತ್ತು ದುಡಿಯಿತು, ಕತ್ತೆ ತಿಂದಿತು. ಅವನು ಆ ಪ್ರಶ್ನೆ ಕೇಳಿದಾಗಲೆಲ್ಲ ಶಿಗೆನೊ ಕೊಟ್ಟ ಗೆಣಸು ನನ್ನ ಗಂಟಲಲ್ಲಿ ಏಳುತ್ತಿತ್ತು. ಇವನಿಗೆ ಏನೂ ತಿಳಿಯದು, ತಿಳಿಯದೆ ಕೇಳುತ್ತಿದ್ದಾನೆ, ಪೆದ್ದ ಎಂದು ನನಗೆ ನಾನೇ ಹೇಳಿಕೊಂಡು ಅದನ್ನು ಒಳಗೆ ತಳ್ಳುತ್ತಿದ್ದೆ. ಇಪ್ಪತ್ತಮೂರು ವರ್ಷ ಅವನನ್ನು ಪೆದ್ದ ಎಂದು ಅಂದುಕೊಂಡೇ ನಾನು ಬದುಕಿದ್ದು.

ಅರವತ್ತಾದ ಮೇಲೆ ಇಬ್ಬರೂ ಕೆಲಸ ಬಿಟ್ಟೆವು. ಕಿನುಯೊ ತೀರಿಕೊಂಡಳು. ಮುದುಕನಾದ ಮೇಲೂ ಅವನು ಬೆಳಗ್ಗೆ ಹತ್ತಕ್ಕೆ ನಮ್ಮ ಬಾಗಿಲಿಗೆ ಬಂದು ಇಪ್ಪುಕು ಎನ್ನುತ್ತಿದ್ದ. ಕೆಲಸವಿಲ್ಲದವನಿಗೆ ಎಂಥ ಇಪ್ಪುಕು ಎಂದು ನಾನು ಬೈಯುತ್ತಾ ಚಪ್ಪಲಿ ಮೆಟ್ಟುತ್ತಿದ್ದೆ. ಶಿಗೆನೊ ಮನೆಯ ಎದುರಿನ ಬೆಂಚಿನಲ್ಲಿ ಕೂರುತ್ತಿದ್ದೆವು. ಅವಳಿಗೆ ತೊಂಬತ್ತು ದಾಟಿ, ಕಿವಿ ಪೂರ್ತಿ ಹೋಗಿತ್ತು. ಆದರೂ ಚಹಾ ಕಳಿಸುತ್ತಿದ್ದಳು. ಮನೆ ಒಂದು ಎಳೆಯೂ ವಾಲಿರಲಿಲ್ಲ.

ಹೋದ ವರ್ಷ ಪರ್ಸಿಮನ್ ಹಣ್ಣು ಕೆಂಪಾಗುವ ಕಾಲ. ಕುಮೆಜಿ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು ಆ ವಾಯವ್ಯ ಮೂಲೆಯನ್ನೇ ನೋಡುತ್ತಿದ್ದ. ಆಮೇಲೆ ಹವೆಯ ವಿಷಯ ಹೇಳುವಷ್ಟೇ ಸಲೀಸಾಗಿ, ಅವತ್ತು ಹತ್ತು ಗಂಟೆಗೇ ನಿನಗೆ ಕಂಡಿತ್ತಲ್ಲವೇ ಎಂದ.

ಯಾರು ಹೇಳಿದರು ಎಂದೆ. 

“ನೀನೇ ಮೇಸ್ತ್ರಿಗೆ ಹೇಳ್ದೆಯಲ್ಲ. ನಾನು ರಾಶಿ ಆಚೆ ಕೂತಿದ್ದೆ. ಎಲ್ಲಾ ಕೇಳಿಸ್ತು.”

“ಮತ್ಯಾಕೋ ಅಷ್ಟು ವರ್ಷ ಏನಾದ್ರೂ ಕಾಣ್ತದಾ ಅಂತ ನನ್ನೇ ಕೇಳ್ತಿದ್ದೆ?”

“ಇನ್ಯಾರನ್ನ ಕೇಳ್ಲಿ? ಕಾಣೋದು ನಿಂಗೊಬ್ನಿಗೇ,” ಎಂದ. “ಅವತ್ತು ನಾನು ಬಾಯ್ಬಿಟ್ಟಿದ್ರೆ ನೀನು ಕೆಲ್ಸ ಬಿಟ್ಟು ಹೋಗ್ತಿದ್ದೆ. ನಂಗೆ ಕಣ್ಣೆಲ್ಲಿಂದ ತರ್ಲಿ? ಮನೆಗಳು ನೆಟ್ಟಗಿರ್ಬೇಕಲ್ಲಪ್ಪ.”

ಅಷ್ಟು ಹೇಳಿ ಮೂಲಂಗಿ ಕಚ್ಚಿದ. ಕ್ಷಮಿಸಿದ್ದೇನೆ ಎಂದೂ ಹೇಳಲಿಲ್ಲ, ಬೈಯಲೂ ಇಲ್ಲ. ಅವನು ದೊಡ್ಡ ಮನಸ್ಸಿನವನು ಎಂದು ನೀವು ತಿಳಿಯಬೇಡಿ. ದ್ವೇಷ ಸಾಧಿಸುವುದಕ್ಕೂ ಮೈ ಬಗ್ಗಬೇಕು, ಅಷ್ಟೂ ಮೈಗಳ್ಳ ಅವನು. ಆ ಹೊತ್ತಿನಲ್ಲಿ ನಾನು ಅಂದುಕೊಂಡದ್ದು ಇದನ್ನೇ, ಮತ್ತು ಇದನ್ನು ಅಂದುಕೊಂಡೆ ಎಂಬುದಕ್ಕೆ ನನ್ನ ಮೇಲೆ ನನಗೆ ಬಂದ ಹೇಸಿಗೆ ಇನ್ನೂ ಹೋಗಿಲ್ಲ.

ಅವನು ಈ ಮಾಗಿಯಲ್ಲಿ ಸತ್ತ. ನೀಲಿ ಅಂಗಿಯನ್ನು ಅವನ ಜೊತೆಗೇ ಸುಟ್ಟರು.

ಮೊನ್ನೆ ಹತ್ತು ಗಂಟೆಗೆ ಯಾರೂ ಬಾಗಿಲಿಗೆ ಬರಲಿಲ್ಲ, ನಾನೇ ಎದ್ದು ನಡೆದೆ. ಮೇಲಿನ ಓಣಿಯಲ್ಲಿ ಒಂದು ಹೊಸ ಮನೆ ಏಳುತ್ತಿದೆ. ಈಗಿನ ಕಾಲದಲ್ಲಿ ಅಪರೂಪಕ್ಕೆ, ಅಪ್ಪಟ ದೇವದಾರು ಕಂಬ. ನಾಲ್ಕು ಜನ ಬಡಗಿಗಳು ಮನೆಗೆ ಬೆನ್ನು ಹಾಕಿ ಕೂತಿದ್ದರು. ಕೈಯಲ್ಲಿ ಡಬ್ಬಿ ಕಾಫಿ, ಇನ್ನೊಂದು ಕೈಯಲ್ಲಿ ಮೊಬೈಲು. ನನಗೆ ಮೈಯೆಲ್ಲ ಉರಿಯಿತು. ರಸ್ತೆಯಾಚೆ ನಿಂತು ಮನೆಯನ್ನು ನೋಡಿದೆ. ಕಣ್ಣಿಗೆ ಪೊರೆ ಬಂದಿದೆ, ಆದರೂ ಕಂಡಿತು. ಬಾಗಿಲಿನ ಬಲಗಡೆಯ ಕಂಬ. ಕಳಲೆಯ ಮೊನೆ ಕೆಳಗೆ ನೋಡುತ್ತಿತ್ತು. ಮೇಲಿನ ತೊಲೆ ಇನ್ನೂ ಕೂತಿರಲಿಲ್ಲ, ಅರ್ಧ ಗಂಟೆ ಕೆಲಸ.

ಅವರ ಮೇಸ್ತ್ರಿ, ಮೂವತ್ತರ ಆಸುಪಾಸಿನವನು, ನಾನು ಬಹಳ ಹೊತ್ತು ನಿಂತದ್ದನ್ನು ಕಂಡು ಮೊಬೈಲಿನಿಂದ ತಲೆಯೆತ್ತಿದ.

“ಏನ್ ತಾತ, ಹೆಂಗಿದೆ ಮನೆ?” ಎಂದ.

ಚೆನ್ನಾಗಿದೆ ಎಂದೆ. ಅವನು ಮತ್ತೆ ಮೊಬೈಲು ನೋಡತೊಡಗಿದ. ನಾನು ಮನೆಗೆ ಬಂದೆ.